ಹುಲ್ಲುಗಾವಲಿನಲ್ಲೊಂದು ಹಾಯಿದೋಣಿ

ಬ್ರೆಜಿಲ್ ಕರಾವಳಿಯಲ್ಲಿ ಸ್ವಂತ ಹಡಗನ್ನು ಕಳೆದುಕೊಂಡು, ಐವತ್ತರ ಸಮೀಪದಲ್ಲಿ ನಿರುದ್ಯೋಗಿಯಾಗಿದ್ದ ಕಪ್ತಾನ ಜೋಶುವಾ ಸ್ಲೋಕಮ್‌ನಿಗೆ ಮಿತ್ರನೊಬ್ಬನು ಹಡಗೊಂದನ್ನು ಕೊಡುವುದಾಗಿ ಹೇಳಿದನು; ತುಸು ದುರಸ್ತಿ ಬೇಕೆಂದೂ ಸೇರಿಸಿದನು. 1892ರಲ್ಲಿ ಅಮೆರಿಕದ ಫೇರ್‌ಹೇವನ್ ಊರಿಗೆ ಹೋಗಿ ನೋಡಿದರೆ, ಹುಲ್ಲುಗಾವಲಿನಲ್ಲಿ ಕ್ಯಾನ್ವಾಸ್ ಹೊದ್ದು ನಿಂತಿದ್ದುದು ‘ಸ್ಪ್ರೇ’ ಎಂಬ ಜೀರ್ಣವಾದ ಮರದ ಹಾಯಿದೋಣಿ!

ಸ್ಲೋಕಮ್ ಹಿಂದಿರುಗಲಿಲ್ಲ. ಹತ್ತಿರದಲ್ಲಿಯೇ ಓಕ್ ಮರವನ್ನು ಕಡಿದು ಅಡಿತೊಲೆಯನ್ನು ಮಾಡಿದನು. ಎಳೆಯ ಮರಗಳನ್ನು ಹಬೆಯಲ್ಲಿಟ್ಟು, ಮೆತ್ತಗಾದೊಡನೆ ದಿಮ್ಮಿಯ ಮೇಲೆ ಬಗ್ಗಿಸಿ ಪಕ್ಕೆಲುಬುಗಳನ್ನು ರೂಪಿಸಿದನು. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಜೋಡಿಸಿ, ಸಂದುಗಳಿಗೆ ಹತ್ತಿಯನ್ನೂ ಅದರ ಮೇಲೆ ನಾರನ್ನೂ ಬಡಿದು ತುಂಬಿದನು. ಹತ್ತಿ ನಿಲ್ಲದೆಂದು ನೋಡಲು ಬಂದವರು ತಲೆಯಾಡಿಸಿದರು, ಅದು ನಿಂತಿತು. ಇದರಿಂದ ಲಾಭವೇನೆಂದು ಕೇಳಿದವರಿಗೂ ಕೊರತೆಯಿರಲಿಲ್ಲ. ಅಂತಹವರು ಯಾವ ಊರಿನಲ್ಲಿಲ್ಲ?

ಹದಿಮೂರು ತಿಂಗಳ ದುಡಿಮೆ, ಸಾಮಗ್ರಿಗೆ ತಗುಲಿದ್ದು 553 ಡಾಲರ್ 62 ಸೆಂಟ್. ಒಂದೊಂದೇ ತುಂಡು ಬದಲಾಗುತ್ತ ಹೋದುದರಿಂದ ಹಳೆಯ ದೋಣಿ ಯಾವ ಗಳಿಗೆಯಲ್ಲಿ ಮುಗಿದು ಹೊಸದು ಹುಟ್ಟಿತೆಂದು ಹೇಳುವುದು ಅವನಿಗೂ ಸಾಧ್ಯವಿರಲಿಲ್ಲ. ಹೆಸರನ್ನು ಮಾತ್ರ ಅವನು ಬದಲಿಸಲಿಲ್ಲ.

1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟು, ಭೂಮಿಯನ್ನು ಏಕಾಂಗಿಯಾಗಿ ಸುತ್ತಿದ ಮೊದಲ ನಾವಿಕನೆನಿಸಿ 1898ರಲ್ಲಿ ಮರಳಿದನು. ಕೊನೆಗೆ ಫೇರ್‌ಹೇವನ್‌ಗೇ ಹೋಗಿ, ದೋಣಿಯನ್ನು ನೀರಿಗಿಳಿಸಿದ ದಿನ ಕಟ್ಟಲೆಂದು ದಡದಲ್ಲಿ ನೆಟ್ಟಿದ್ದ ಸೀಡರ್ ಗೂಟಕ್ಕೇ ಅದನ್ನು ಕಟ್ಟಿದನು.