ಉತಾರದ ಗುಂಟೆ, ಪ್ಲಾಟಿನ ಚದರಡಿ

ತಾರಿಹಾಳದಿಂದ ಬೇಲೂರಿನವರೆಗೆ, ಹುಬ್ಬಳ್ಳಿ-ಧಾರವಾಡದ ಸುತ್ತ ಗೋದಾಮು ಅಥವಾ ಕಾರ್ಖಾನೆಗಾಗಿ ಭೂಮಿ ಹುಡುಕುವ ಉದ್ಯಮಿಯ ಕೈಗೆ ಮೊದಲು ಬರುವ ಕಾಗದವೆಂದರೆ ಪಹಣಿ, ಈ ಭಾಗದ ಮಾತಿನಲ್ಲಿ ಉತಾರ. ಅದರಲ್ಲಿ 2-20 ಎಂದಿದ್ದರೆ 2 ಎಕರೆ 20 ಗುಂಟೆ, ಅರ್ಥಾತ್ ಎರಡೂವರೆ ಎಕರೆ. ಕರಾರುಪತ್ರದಲ್ಲಿ ಅದೇ ಅಂಕಿ 2.20 ಎಂದಾಗಿ ದಶಾಂಶದಂತೆ ಗುಣಿಸಲ್ಪಟ್ಟರೆ 12 ಗುಂಟೆ, ಅಂದರೆ 13,068 ಚದರ ಅಡಿ ಜಾಗದ ಬೆಲೆಯೇ ಲೆಕ್ಕದಿಂದ ಮಾಯವಾಗುತ್ತದೆ. ಮೊದಲ ನಷ್ಟ ರೈತನದಾದರೂ ಮುಂದಿನ ತಂಟೆ ಕೊಂಡವನ ಪಾಲಿಗೂ ಬರುತ್ತದೆ.

ಇದು ಬ್ರಿಟಿಷ್ ಕಾಲದ ಮುಂಬಯಿ ಮೋಜಣಿಯಿಂದ ಬಂದ ಬಳುವಳಿ. ಅದಕ್ಕೂ ಮುನ್ನ ಇಲ್ಲಿನ ರೈತರು ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಅದು ಬಿತ್ತನೆಯ ದುಡಿಮೆಯ ಅಳತೆಯೇ ಹೊರತು ನೆಲದ ನಿಖರ ವಿಸ್ತೀರ್ಣವಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಾರ್ಜ್ ವಿಂಗೇಟ್ ಮೇಲ್ವಿಚಾರಣೆಯ ಮೋಜಣಿಯು 33 ಅಡಿಯ ಸರಪಳಿಯನ್ನು ತಂದಿತು. ಸರಪಳಿಗೆ 16 ಆಣೆ; ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಗುಂಟೆ, 1,089 ಚದರ ಅಡಿ; 40 ಗುಂಟೆಗೆ ಎಕರೆ. ಸ್ವಾರಸ್ಯವೆಂದರೆ ಸರ್ವೆ ನಂಬರಿನ ಗಾತ್ರವನ್ನು ಗೊತ್ತುಪಡಿಸುವಾಗ ಆಂಗ್ಲ ಅಧಿಕಾರಿಗಳೂ ಒಂದು ಜೋಡಿ ಎತ್ತಿನ ಉಳುಮೆಯನ್ನೇ ಆಧಾರವಾಗಿ ಹಿಡಿದರು.

ಎತ್ತಿಗೆ ತಕ್ಕ ಆ ತುಂಡುಗಳು ಇಂದು ಕಾರ್ಖಾನೆಗೆ ಬೇಕಾಗಿವೆ. ವ್ಯವಸಾಯೇತರ ಬಳಕೆಗೆ 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ಪರಿವರ್ತನೆಯಾದ ಮೇಲೆ ನಕಾಶೆ ಚದರ ಮೀಟರಿಗೆ ತಿರುಗುತ್ತದೆ, ಮಾರಾಟ ಮಾತ್ರ ಚದರ ಅಡಿಯಲ್ಲೇ ನಡೆಯುತ್ತದೆ. ಬರಿಯ ಭಾಗಾಕಾರದಿಂದ ಒಂದು ಎಕರೆಯಲ್ಲಿ 30×40ರ 36 ಪ್ಲಾಟುಗಳು ಕಾಣುತ್ತವೆ. ರಸ್ತೆ, ಉದ್ಯಾನಗಳಿಗೆ ಜಾಗ ಬಿಟ್ಟ ಮೇಲೆ ಅಷ್ಟು ಉಳಿಯದು. ಇದಲ್ಲದೆ ಉತಾರದ ಖರಾಬು ಕಾಲಮನ್ನು ಓದದೆ ಮುಂಗಡ ಕೊಟ್ಟವರಿದ್ದಾರೆ. ಹಳ್ಳ, ದಾರಿಗಳ 'ಬ' ಖರಾಬು ಸಾರ್ವಜನಿಕರದು. ಅದು 10 ಗುಂಟೆಯಿದ್ದರೆ 10,890 ಚದರ ಅಡಿ ಖಾಸಗಿ ಮಾರಾಟಕ್ಕೆ ಬಾರದು.

ಅವಳಿ ನಗರದ ಅಂಚಿನ 'ಗುಂಟಾ ಪ್ಲಾಟು'ಗಳಲ್ಲಿ ಈ ಅಳತೆ ಹೆಚ್ಚಿನ ತೊಡಕನ್ನು ಒಡ್ಡಿದೆ. ಪರಿವರ್ತನೆಯಾಗಲಿ ಮಂಜೂರಾದ ವಿನ್ಯಾಸವಾಗಲಿ ಇಲ್ಲದೆ, ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ಎಂದಷ್ಟೇ ಬರೆದು ಮಾರುವುದು ಸುಲಭವಾಯಿತು. ಯಾವ ದಿಕ್ಕಿನ ಗುಂಟೆ, ಯಾವ ರಸ್ತೆಗೆ ಮುಖ ಎಂಬುದು ಕಾಗದದಲ್ಲಿ ಸ್ಪಷ್ಟವಿಲ್ಲ. ಒಂದೆರಡು ಗುಂಟೆಯಲ್ಲಿ ಲೇತ್ ಹಾಕಿ ದುಡಿಯುವ ಸಣ್ಣ ಉದ್ಯಮಿಗೆ ಸ್ವಾಧೀನವಿರುತ್ತದೆ, ಉತಾರದಲ್ಲಿ ಹತ್ತಾರು ಹೆಸರುಗಳ ನಡುವೆ ತನ್ನ ಹೆಸರೂ ಇರಬಹುದು. ಆದರೆ ಹದ್ದುಬಸ್ತಿನ ನಕಾಶೆಯಿಲ್ಲದ ಆ ಜಾಗವನ್ನು ಅಡಮಾನವಾಗಿ ಹಿಡಿದು ಯಂತ್ರಕ್ಕೆ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ.