ಕಂಟ್ರೋಲ್ ಫೈಲ್ ಕೆಟ್ಟರೆ ಮೊದಲೇನು ಮಾಡಬೇಕು?

ಸಿಂಗಪುರದ ಒಂದು ಬ್ಯಾಂಕು, ರಾತ್ರಿ ಪಾಳಿ ಅಂದುಕೊಳ್ಳಿ. ಒರಾಕಲ್ ಡೇಟಾಬೇಸ್ ಸ್ಟಾರ್ಟ್ ಮಾಡಿದ್ರಿ, ಮೌಂಟ್ ಆಗೋ ಮೊದಲೇ ನಿಂತುಬಿಡ್ತು. ಪರದೆ ಮೇಲೆ ಓಆರ್‌ಎ-00205. ಅಂದ್ರೆ, ಕಂಟ್ರೋಲ್ ಫೈಲ್ ಕೈಗೆ ಸಿಗ್ತಿಲ್ಲ.

ಡೇಟಾ ಫೈಲ್ ಎಲ್ಲಿದೆ, ರೀಡೂ ಲಾಗ್ ಎಲ್ಲಿದೆ ಅನ್ನೋ ಲೆಕ್ಕವೆಲ್ಲ ಇರೋದು ಇದರಲ್ಲೇ. ಮಲ್ಟಿಟೆನೆಂಟ್‌ನಲ್ಲಿ ಪಿಡಿಬಿಗಳಿಗೆ ಬೇರೆ ಬೇರೆ ಕಂಟ್ರೋಲ್ ಫೈಲ್ ಇರಲ್ಲ. ಎಚ್‌ಡಿಬಿ ವಸತಿ ಕಟ್ಟಡದ ಹಾಗೆ: ಮನೆ ಹಲವು, ತಳಪಾಯ ಒಂದೇ. ಅದು ಹೋದ್ರೆ ಎಲ್ಲವೂ ನಿಂತಂತೆ. ಇಲ್ಲಿನ ಕೇಂದ್ರ ಬ್ಯಾಂಕ್ ಎಂಎಎಸ್ ನಿಯಮದಲ್ಲಿ, ಬ್ಯಾಂಕಿನ ಮುಖ್ಯ ಸಿಸ್ಟಮ್ ಮತ್ತೆ ಏಳೋಕೆ ಇರೋ ಗಡುವು 4 ಗಂಟೆ.

ಗಾಬರಿ ಬೇಡ. ಒಂದು: ಅಲರ್ಟ್ ಲಾಗ್ ನೋಡಿ, ಕಂಟ್ರೋಲ್ ಫೈಲಿನ ಯಾವ ಕಾಪಿ ಕೆಟ್ಟಿದೆ ಅಂತ ತಿಳ್ಕೊಳ್ಳಿ.

ಎರಡು: ಇನ್ನೊಂದು ಕಾಪಿ ಚೆನ್ನಾಗಿದ್ರೆ ಶಟ್‌ಡೌನ್ ಅಬಾರ್ಟ್ ಕೊಡಿ. ಒಳ್ಳೇ ಕಾಪಿಯನ್ನ ಕೆಟ್ಟಿದ್ದರ ಜಾಗಕ್ಕೆ, ಅದೇ ಹೆಸರಲ್ಲಿ ಹಾಕಿ, ಸ್ಟಾರ್ಟಪ್ ಮಾಡಿ.

ಮೂರು: ಎಲ್ಲ ಕಾಪಿಯೂ ಹೋಗಿದ್ರೆ ರೂಟ್‌ಗೆ ಕನೆಕ್ಟ್ ಆಗಿ, ಆರ್‌ಮ್ಯಾನ್ ತೆಗೀರಿ. ನೋಮೌಂಟ್, ಆಟೋಬ್ಯಾಕಪ್‌ನಿಂದ ರಿಸ್ಟೋರ್, ಮೌಂಟ್, ರಿಕವರ್, ಕೊನೆಗೆ ಓಪನ್ ರೀಸೆಟ್‌ಲಾಗ್ಸ್. ಆಮೇಲೆ ಪಿಡಿಬಿಗಳನ್ನೂ ಓಪನ್ ಮಾಡಿ, ತಕ್ಷಣ ಹೊಸ ಬ್ಯಾಕಪ್ ತಗೊಳ್ಳಿ.

ಆ ರಾತ್ರಿ ಬರೋಕೆ ಮುಂಚೆ, ಇವತ್ತೇ ಕಾಪಿಗಳನ್ನ ಬೇರೆ ಬೇರೆ ಡಿಸ್ಕ್‌ನಲ್ಲಿಡಿ. ಆಟೋಬ್ಯಾಕಪ್ ಆನ್ ಇದೆಯಾ ನೋಡಿ. ಡಿಬಿಐಡಿ ಬರೆದಿಟ್ಕೊಳ್ಳಿ.