ಚಳಿಗಾಲ ಉಳಿಸಿಟ್ಟ ಸೇಬು

ಪೀಟರ್ ಗಿಡಿಯನ್‌ಗೆ ಸೇಬಿನ ಹುಚ್ಚಿತ್ತು. ಹುಟ್ಟಿದ್ದು ಅಮೆರಿಕದ ಒಹಾಯೊದಲ್ಲಿ, ಸೇಬು ಸಲೀಸಾಗಿ ಬೆಳೆಯುವ ಸೀಮೆಯಲ್ಲಿ. 1853ರಲ್ಲಿ ಉತ್ತರದ ಮಿನೆಸೋಟಾಕ್ಕೆ ಬಂದು ಮಿನೆಟಾಂಕಾ ಸರೋವರದ ದಂಡೆಯಲ್ಲಿ ಜಮೀನು ಹಿಡಿದ ಮೇಲೂ ಆ ಹುಚ್ಚು ಇಳಿಯಲಿಲ್ಲ. ಗಿಡ ತರಿಸಿ ನೆಟ್ಟ, ಬೀಜ ತರಿಸಿ ಬಿತ್ತಿದ. ಸೇಬು ಸಾಲದೆಂದು ಪೀಚ್‌ಗೂ ಕೈಹಾಕಿದ. ಆದರೆ ಆ ಸೀಮೆಯಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಮೂವತ್ತು, ಮೂವತ್ತೈದು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವೇನಲ್ಲ. ಪ್ರತಿ ವಸಂತಕ್ಕೂ ಹಿಮ ಕರಗಿದಾಗ ತೋಟದಲ್ಲಿ ಸತ್ತ ಗಿಡಗಳ ಲೆಕ್ಕ ಹಾಕುವುದೇ ಕೆಲಸವಾಯಿತು. ಹೀಗೆ ಹತ್ತಿರ ಹತ್ತಿರ ಹತ್ತು ವರ್ಷ ಕಳೆದಾಗ ಜೀವ ಹಿಡಿದು ನಿಂತಿದ್ದದ್ದು ಒಂದೇ ಒಂದು ಮರ, ಸೈಬೀರಿಯಾ ಮೂಲದ ಕ್ರ್ಯಾಬ್ ಸೇಬು. ಪುಟ್ಟ ಹಣ್ಣು; ಬಾಯಿಗಿಟ್ಟರೆ ಹುಳಿ, ಒಗರು.

ಕೈಯಲ್ಲಿ ಎಂಟು ಡಾಲರ್ ಉಳಿದಿತ್ತು. ಚಳಿಗಾಲ ಎದುರಿಗಿತ್ತು, ಮೈಗೆ ಸರಿಯಾದ ಕೋಟು ಇರಲಿಲ್ಲ. ಗಿಡಿಯನ್ ಆ ಎಂಟು ಡಾಲರನ್ನು ಪೂರ್ವ ತುದಿಯ ಮೇನ್ ರಾಜ್ಯಕ್ಕೆ ಕಳಿಸಿ ಸೇಬಿನ ಬೀಜವನ್ನೂ ಕಸಿಕಡ್ಡಿಯನ್ನೂ ತರಿಸಿಕೊಂಡ. ಹಳೆಯ ವೇಸ್ಟ್‌ಕೋಟುಗಳಿಗೆ ಸವೆದ ಪ್ಯಾಂಟಿನ ಕಾಲುಗಳನ್ನೇ ತೋಳಾಗಿ ಹೊಲಿದುಕೊಂಡು ಆ ವರ್ಷದ ಚಳಿ ದೂಡಿದನಂತೆ. ಆ ಬೀಜಗಳಲ್ಲಿ ಒಂದು ಮೊಳೆಯಿತು, ಬೆಳೆಯಿತು, ಒಂದಾದ ಮೇಲೊಂದು ಚಳಿಗಾಲ ದಾಟಿತು. 1868ರ ಹೊತ್ತಿಗೆ ಅದರ ಕೆಂಪು ಗೆರೆಯ ಹಣ್ಣು ಸುತ್ತಲಿನವರ ಬಾಯಲ್ಲಿತ್ತು. ಗಿಡಿಯನ್ ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟ: ವೆಲ್ದಿ. ಅಷ್ಟು ವರ್ಷ ಅವನ ಹುಚ್ಚನ್ನು ಸಹಿಸಿದ್ದಕ್ಕೆ ಅಷ್ಟಾದರೂ ಸಲ್ಲಬೇಕಿತ್ತು.

ನಮ್ಮಲ್ಲಿ ಮಾವು ಬೆಳೆದವರಿಗೆ ಇದರ ಒಳಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ರಸಪುರಿಯ ಓಟೆ ನೆಟ್ಟರೆ ರಸಪುರಿಯೇ ಬರುತ್ತದೆಂಬ ಭರವಸೆಯಿಲ್ಲ, ಅದಕ್ಕೇ ಕಸಿ. ಸೇಬಿನಲ್ಲಿ ಈ ಗುಣ ಇನ್ನೂ ಜೋರು. ಸಾಮಾನ್ಯವಾಗಿ ತನ್ನದೇ ಪರಾಗಕ್ಕೆ ಅದು ಕಾಯಿ ಕಟ್ಟದು, ಬೇರೊಂದು ತಳಿಯ ಪರಾಗ ಬೇಕು. ಹಾಗಾಗಿ ಪ್ರತಿ ಬೀಜವೂ ಹೊಸ ಬೆರಕೆ. ಬೀಜ ಬಿತ್ತುವುದು ಲಾಟರಿ ಕೊಂಡಂತೆ. ಕಸಿ ಕಟ್ಟುವುದು ಗೆದ್ದ ಚೀಟಿಯೊಂದನ್ನು ಸಾವಿರ ನಕಲು ಮಾಡಿದಂತೆ. ಗಿಡಿಯನ್‌ನ ತೋಟದ ಆ ಒಂದು ಮರ ಊರೂರಿಗೆ ಹಬ್ಬಿದ್ದು ಅದರ ಕಡ್ಡಿಯನ್ನು ಬೇರೆ ಗಿಡಗಳ ಬೇರಿಗೆ ಕಟ್ಟಿದ್ದರಿಂದ.

ಆದರೆ ಕಸಿಯಿಂದ ಇದಕ್ಕಿಂತ ದೊಡ್ಡ ಉಪಕಾರವಾದೀತೆಂದು ನಂಬಿದವರಿದ್ದರು. ಗಟ್ಟಿ ಬೇರಿನ ಮೇಲೆ ನಾಜೂಕು ತಳಿಯನ್ನು ಕಟ್ಟಿದರೆ ಬೇರಿನ ಗಟ್ಟಿತನ ಮೇಲಕ್ಕೂ ಹತ್ತುತ್ತದೆ ಎಂಬ ಎಣಿಕೆ. ರಷ್ಯಾದಲ್ಲಿ ಗ್ರೆಲ್ ಎಂಬ ತೋಟಗಾರಿಕೆ ಪಂಡಿತ ಇದನ್ನೇ ಸಾರುತ್ತಿದ್ದ: ದಕ್ಷಿಣದ ರುಚಿಕರ ತಳಿಗಳನ್ನು ಉತ್ತರದ ಬೇರಿಗೆ ಕಟ್ಟಿ, ಮೆಲ್ಲಗೆ ಚಳಿಗೆ ಒಗ್ಗಿಸಿ. ಕೋಜ್ಲೋವ್ ಪಟ್ಟಣದ ಇವಾನ್ ಮಿಚೂರಿನ್ ಇದನ್ನು ನಂಬಿದ. ಆತ 1855ರಲ್ಲಿ ಹುಟ್ಟಿದವನು, ರೈಲ್ವೆಯಲ್ಲಿ ನೌಕರಿ, ಬಿಡುವಿನಲ್ಲಿ ಗಡಿಯಾರ ರಿಪೇರಿ. ಉಳಿದ ಕಾಸೆಲ್ಲ ಬಾಡಿಗೆ ಜಾಗದ ತೋಟಕ್ಕೆ. ವರ್ಷಗಟ್ಟಲೆ ದಕ್ಷಿಣದ ತಳಿಗಳನ್ನು ತರಿಸಿ ಕಸಿ ಕಟ್ಟಿದ. ಸಾಧಾರಣ ಚಳಿಗಾಲಗಳಲ್ಲಿ ಗಿಡಗಳು ಚೆನ್ನಾಗಿಯೇ ಇದ್ದವು. ಒಂದು ಬಿರುಸಿನ ಚಳಿ ಬಂತು, ಎಲ್ಲ ಹೋದವು. ಕೆಳಗಿನ ಬೇರು ಜೀವಂತವಿತ್ತು. ಮೇಲೆ ಕಟ್ಟಿದ ಕೊಂಬೆ ಸತ್ತಿತ್ತು. ಚಳಿ ತಾಳುವ ವಿದ್ಯೆಯನ್ನು ಬೇರು ಕೊಂಬೆಗೆ ಕಲಿಸುವುದಿಲ್ಲ ಎಂದು ಅವನಿಗೆ ಹೊಳೆದದ್ದು ಆಗ.

ಅಲ್ಲಿಂದ ಆತ ಬೆರಕೆಯ ದಾರಿ ಹಿಡಿದ. ಅವನ ಹೆಸರಾಂತ ಪಿಯರ್ ಒಂದಕ್ಕೆ ತಾಯಿ ಕಡೆಯಿಂದ ದೂರಪ್ರಾಚ್ಯದ ಕಾಡು ಉಸ್ಸೂರಿ ಪಿಯರ್, ತಂದೆ ಕಡೆಯಿಂದ ಪಶ್ಚಿಮ ಯುರೋಪಿನ ಬೆಣ್ಣೆ ತಿರುಳಿನ ಪಿಯರ್. ಕಾಡಿನಿಂದ ಗಟ್ಟಿತನ, ನಾಡಿನಿಂದ ರುಚಿ. 1932ರಲ್ಲಿ ಕೋಜ್ಲೋವ್ ಪಟ್ಟಣಕ್ಕೇ ಮಿಚೂರಿನ್ಸ್ಕ್ ಎಂದು ಹೆಸರಾಯಿತು. ಆತ ಸತ್ತ ಮೇಲೆ ಲೈಸೆಂಕೊ ಎಂಬಾತ ಅವನ ಹೆಸರನ್ನು ಬಾವುಟ ಮಾಡಿಕೊಂಡು ಸೋವಿಯತ್ ದೇಶದ ತಳಿವಿಜ್ಞಾನವನ್ನೇ ದಶಕಗಳ ಕಾಲ ಕೆಡಿಸಿದ. ಅದು ಬೇರೆಯೇ ಕತೆ, ಅದರಲ್ಲಿ ಹಣ್ಣಿಗಿಂತ ರಾಜಕಾರಣ ಹೆಚ್ಚು.

ಕಸಿ ಗಟ್ಟಿತನವನ್ನು ಕಲಿಸುವುದಿಲ್ಲ ಎಂದರೆ ಚಳಿನಾಡಿನಲ್ಲಿ ಅದಕ್ಕೆ ಕೆಲಸವಿಲ್ಲ ಎಂದಲ್ಲ. ಅಲ್ಲಿನ ತೋಟಗಾರರು ಕಸಿಯನ್ನು ಬಳಸಿದ ಜಾಣತನ ನೋಡಿದರೆ ಬೆರಗಾಗುತ್ತದೆ. ಮರದ ಪ್ರತಿ ಭಾಗಕ್ಕೂ ಅಪಾಯ ಬೇರೆ ಎಂಬುದು ಅವರಿಗೆ ತಿಳಿದಿತ್ತು. ಸೇಬಿನ ಬೇರು ಕೊಂಬೆಗಿಂತ ಎಷ್ಟೋ ನಾಜೂಕು. ಮಣ್ಣಿನೊಳಗೆ ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿಳಿದರೆ ಸಾಕು, ಸಾಧಾರಣ ಬೇರು ಸಾಯುತ್ತದೆ. ಮೇಲೆ ಹಿಮದ ಹೊದಿಕೆ ಬಿದ್ದರೆ ಬೇರು ಬದುಕಿತು. ಹಿಮ ಬೀಳದೆ ಒಣಚಳಿ ಹೊಡೆದ ವರ್ಷವೇ ಗಂಡಾಂತರ. ಕಾಂಡದ ಕಷ್ಟ ಇನ್ನೊಂದು ಬಗೆ. ಮಧ್ಯಾಹ್ನದ ಇಳಿಬಿಸಿಲು ನೈಋತ್ಯದ ಕಡೆಯ ತೊಗಟೆಯನ್ನು ಬೆಚ್ಚಗೆ ಮಾಡುತ್ತದೆ, ಸೂರ್ಯ ಮುಳುಗುತ್ತಲೇ ಉಷ್ಣಾಂಶ ಧಡಕ್ಕನೆ ಕುಸಿಯುತ್ತದೆ, ತೊಗಟೆ ಸತ್ತು ಸೀಳುತ್ತದೆ. ಕಾಂಡಕ್ಕೆ ಸುಣ್ಣ ಬಳಿಯುವುದು ಬಿಸಿಲನ್ನು ಹಿಂದಕ್ಕೆ ಅಟ್ಟಲಿಕ್ಕೆ.

ಹಾಗಾಗಿ ಒಂದೇ ಮರವನ್ನು ಮೂರು ತುಂಡಿನಿಂದ ಕಟ್ಟಿದರು. ಬೇರು ಒಂದು ತಳಿ. ಅದರ ಮೇಲೆ ಹೈಬರ್ನಲ್ ಎಂಬ ರಷ್ಯಾ ಮೂಲದ ಗಟ್ಟಿ ಸೇಬಿನ ಕಾಂಡ, ಕವಲುಗಳ ಸಮೇತ. ಆ ಕವಲುಗಳ ಮೇಲೆ ತಿನ್ನುವ ಹಣ್ಣಿನ ತಳಿ. ಬೇರಿನ ಸಮಸ್ಯೆಗೆ ಹೂಡಿದ ಇನ್ನೊಂದು ಉಪಾಯ ನನಗೆ ತೀರ ಇಷ್ಟ. ಚಳಿಗಾಲದಲ್ಲಿ ಹೊರಗೆ ಕೆಲಸವಿಲ್ಲದಾಗ ನೆಲಮಾಳಿಗೆಯಲ್ಲಿ ಕೂತು ಕಸಿ ಕಟ್ಟುತ್ತಿದ್ದರು. ಬೇರಿನ ಚಿಕ್ಕ ತುಂಡು, ಅದಕ್ಕೆ ಉದ್ದನೆಯ ಕಡ್ಡಿ. ಎರಡನ್ನೂ ಓರೆಯಾಗಿ ಕೊಯ್ದು, ನಾಲಿಗೆ ಸೀಳಿ ಒಂದರೊಳಗೊಂದು ಕೂರಿಸಿ, ಮೇಣದ ದಾರ ಸುತ್ತಿ, ಒದ್ದೆ ಮರಳಿನಲ್ಲೋ ಮರದ ಹೊಟ್ಟಿನಲ್ಲೋ ವಸಂತದವರೆಗೆ ಹುಗಿದಿಡುವುದು. ನೆಡುವಾಗ ಕಸಿಯ ಗಂಟು ಮಣ್ಣಿನ ಆಳಕ್ಕೆ ಹೋಗುವಂತೆ ನೆಡುವುದು. ಕೆಳಗಿನ ಬೇರಿನ ತುಂಡು ಗಿಡವನ್ನು ಮೊದಲ ಕೆಲವು ವರ್ಷ ಸಾಕುತ್ತದೆ. ಅಷ್ಟರಲ್ಲಿ ಮಣ್ಣೊಳಗಿನ ಕಡ್ಡಿಯೇ ಸ್ವಂತ ಬೇರು ಬಿಡುತ್ತದೆ. ಆಮೇಲೆ ಸಾಕುತಾಯಿಯ ಬೇರು ಚಳಿಗೆ ಸತ್ತರೂ ಮರಕ್ಕೆ ಚಿಂತೆಯಿಲ್ಲ. ನಮ್ಮ ಕಡೆ ಕಸಿಗಿಡ ನೆಡುವಾಗ ಗಂಟು ಮಣ್ಣಿನ ಮೇಲಿರಬೇಕೆಂದು ಒತ್ತಿ ಹೇಳುತ್ತೇವೆ; ಅಲ್ಲಿ ಬೇಕೆಂದೇ ಅದನ್ನು ಹೂಳುತ್ತಿದ್ದರು.

ಇಷ್ಟು ಮಾಡಿದರೂ ಮೇಲಿನ ತಳಿ ತಾನೇ ಚಳಿ ತಾಳಬೇಕು. 1882ರಲ್ಲಿ ಅಯೋವಾದ ಜೋಸೆಫ್ ಬಡ್ ಮತ್ತು ಕ್ಯೂಬೆಕ್‌ನ ಚಾರ್ಲ್ಸ್ ಗಿಬ್ ರಷ್ಯಾ ಸುತ್ತಿ ಅಲ್ಲಿಯ ತಳಿಗಳನ್ನು ಅಮೆರಿಕಕ್ಕೆ ತರಿಸಿದರು. ಗಟ್ಟಿ ಏನೋ ಹೌದು. ಬಹುಪಾಲು ಹಣ್ಣು ಬೇಸಿಗೆಗೇ ಮಾಗಿ ಬೇಗ ಮೆತ್ತಗಾಗುತ್ತಿದ್ದವು. 1884-85ರ ಚಳಿಗೆ ಅನೇಕ ತೋಟಗಳಲ್ಲಿ ವೆಲ್ದಿಗೂ ಪೆಟ್ಟು ಬಿತ್ತು. ಮತ್ತೆ ಬೀಜವೇ ಗತಿ. ಗಿಡಿಯನ್‌ನ ಜಮೀನಿನಿಂದ ಕೆಲವೇ ಮೈಲಿ ದೂರದಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯ ಹಣ್ಣಿನ ತಳಿ ಬೆಳೆಸುವ ತೋಟವೊಂದನ್ನು ತೆರೆದು, ಸಾವಿರಗಟ್ಟಲೆ ಬೀಜಸಸಿ ಬೆಳೆಸಿ, ಚಳಿಗಾಲಕ್ಕೆ ಒಪ್ಪಿಸಿ ಕಾಯುತ್ತ ಕೂತಿತು. 1922ರಲ್ಲಿ ಅಲ್ಲಿಂದ ಹೊರಬಂದ ಹಾರಲ್ಸನ್ ಎಂಬ ಕೆಂಪು ಹುಳಿಸಿಹಿ ಸೇಬು ತಲೆಮಾರುಗಳ ಕಾಲ ಆ ಸೀಮೆಯ ಮನೆಹಣ್ಣಾಯಿತು.

ಹಾರಲ್ಸನ್‌ಗೆ ವಿಜ್ಞಾನದಲ್ಲೂ ಒಂದು ಪಾತ್ರ ಕಾದಿತ್ತು. ಮರ ಚಳಿಗೆ ಸಾಯುವುದು ಸರಿಯಾಗಿ ಯಾವ ಕ್ಷಣದಲ್ಲಿ? ಅದೇ ವಿಶ್ವವಿದ್ಯಾಲಯದ ಕ್ವಾಮಿ, ಸ್ಟಷ್ನಾಫ್, ವೈಸರ್ ಎಂಬ ಮೂವರು ಹಾರಲ್ಸನ್ ಸೇಬಿನ ಎಳೆಗೊಂಬೆಗೆ ಸೂಕ್ಷ್ಮ ಉಷ್ಣಮಾಪಕ ಜೋಡಿಸಿ ಮೆಲ್ಲಗೆ ತಣಿಸುತ್ತ ಹೋದರು. ನೀರು ಹೆಪ್ಪುಗಟ್ಟುವಾಗ ಒಂದಿಷ್ಟು ಶಾಖ ಬಿಡುತ್ತದೆ. ಮಾಪಕದ ಗೆರೆ ಅಲ್ಲಿ ಸಣ್ಣಗೆ ಮೇಲೇಳುತ್ತದೆ. ಸೊನ್ನೆಯಿಂದ ತುಸು ಕೆಳಗೆ ಒಂದು ದೊಡ್ಡ ಏರು ಬಂತು. ಅದು ಕೋಶಗಳ ಹೊರಗಿನ ನೀರು ಗಡ್ಡೆಕಟ್ಟಿದ್ದು, ಅದರಿಂದ ಮರಕ್ಕೆ ಏನೂ ಆಗದು. ತಣಿಸುತ್ತಲೇ ಹೋದಾಗ ಮೈನಸ್ 40ರ ಆಸುಪಾಸಿನಲ್ಲಿ ಇನ್ನೊಂದು ಪುಟ್ಟ ಏರು ಕಾಣಿಸಿತು. ಕೊಂಬೆಯನ್ನು ಸೀಳಿ ನೋಡಿದರೆ ಒಳಗಿನ ಕಟ್ಟಿಗೆ ಕಂದು ತಿರುಗುವುದೂ ಅದೇ ಉಷ್ಣಾಂಶದಲ್ಲಿ. 1972ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅರ್ಥ ಇಷ್ಟು: ಸೇಬಿನ ಕಟ್ಟಿಗೆಯ ಜೀವಕೋಶಗಳೊಳಗಿನ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಗಡ್ಡೆಕಟ್ಟಲು ಮೊದಲ ಹರಳು ಸಿಗದೆ, ಅತಿ ತಂಪಾದ ದ್ರವವಾಗಿಯೇ ಉಳಿಯುತ್ತದೆ. ಆದರೆ ಮೈನಸ್ 40ರ ಹತ್ತಿರ ಶುದ್ಧ ನೀರೂ ಯಾರ ನೆರವಿಲ್ಲದೆ ತಾನಾಗಿ ಹೆಪ್ಪುಗಟ್ಟಲೇಬೇಕು. ಅಲ್ಲಿ ಕೋಶ ಸಾಯುತ್ತದೆ. ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಅಂಕಿ ತೋರಿಸುವ ಜಾಗವೂ ಅದೇ, ಕಾಕತಾಳೀಯ. ಕೊಂಬೆ ಅಷ್ಟು ಗಟ್ಟಿಯಾಗುವುದು ನಡುಚಳಿಯಲ್ಲಿ ಮಾತ್ರ. ಬೆಳವಣಿಗೆ ನಿಲ್ಲಬೇಕು, ಮೊದಲ ಮಂಜು ತಾಗಬೇಕು, ಆಮೇಲೆ. ಅಕ್ಟೋಬರಿನಲ್ಲಿ ಬಂದೆರಗಿದ ಮೈನಸ್ 20, ಜನವರಿಯ ಮೈನಸ್ 35ಕ್ಕಿಂತ ಕ್ರೂರಿಯಾಗಬಹುದು. ದಕ್ಷಿಣದ ತಳಿಗಳು ಸೋಲುವುದು ಎಷ್ಟೋ ಸಲ ಇಲ್ಲಿ, ತಯಾರಿಯ ವೇಳಾಪಟ್ಟಿಯಲ್ಲಿ.

ಮಿನೆಸೋಟಾ ವಿಶ್ವವಿದ್ಯಾಲಯದ ಆ ತೋಟದ ಕೊನೆಯ ಕತೆಯೇ ಎಲ್ಲಕ್ಕಿಂತ ಸೊಗಸು. 1960ರಲ್ಲಿ ಮಾಡಿದ ಒಂದು ಬೆರಕೆಯ ಸಸಿಯನ್ನು 1962ರಲ್ಲಿ ನೆಟ್ಟಿದ್ದರು. ಆಯ್ಕೆಯಾದ ಮೇಲೆ ಅದಕ್ಕೆ ಎಂಎನ್ 1711 ಎಂಬ ಅಂಕಿತ. 1976-77ರ ಚಳಿಯಲ್ಲಿ ಆ ಮರಕ್ಕೆ ಪೆಟ್ಟಾಯಿತು. ದಾಖಲೆಯಲ್ಲಿ ತಿರಸ್ಕೃತ ಎಂದು ಬರೆದು ಮುಂದಕ್ಕೆ ಹೋದರು. 1979ರಲ್ಲಿ ಡೇವಿಡ್ ಬೆಡ್‌ಫೋರ್ಡ್ ಎಂಬ ತರುಣ ವಿಜ್ಞಾನಿ ಕೆಲಸಕ್ಕೆ ಸೇರಿದರು. ಆ ತಿರಸ್ಕೃತ ಮರದಿಂದ ಕಸಿ ಮಾಡಿದ್ದ ಕೆಲವು ಎಳೆಯ ಗಿಡಗಳು ಇನ್ನೂ ಉಳಿದಿದ್ದವು. ಹಳೆಯ ಪುಸ್ತಕ ತಿರುವಿದಾಗ ಬೆಡ್‌ಫೋರ್ಡ್ ಅವರಿಗೆ ಅನುಮಾನ ಬಂತು: ಮೂಲಮರ ನಿಂತಿದ್ದ ಜಾಗವೇ ಮರಗಳಿಗೆ ಒಲ್ಲದ ಜಾಗವಾಗಿದ್ದರೆ? ತಪ್ಪು ತಳಿಯದ್ದೋ ನೆಲದ್ದೋ? ಕಡಿಯುವ ಬದಲು ಕಾಯೋಣ ಎಂದರು.

ಎಳೆ ಗಿಡಗಳು ಮುಂದಿನ ಚಳಿಗಾಲಗಳನ್ನು ದಾಟಿದವು, ಹಣ್ಣು ಬಿಟ್ಟವು. ಕಚ್ಚಿದರೆ ತಿರುಳು ಹಿಟ್ಟಾಗುವುದಿಲ್ಲ, ಗರಕ್ಕನೆ ಮುರಿದು ಬಾಯಿತುಂಬ ರಸ. ಅದರ ಕೋಶಗಳು ದೊಡ್ಡವು, ಒಂದರಿಂದೊಂದು ಜಾರಿ ಬಿಡಿಯಾಗುವ ಬದಲು ಒಡೆಯುತ್ತವೆ. ಬೆಡ್‌ಫೋರ್ಡ್ ಮತ್ತು ಜೇಮ್ಸ್ ಲೂಬಿ ಅದನ್ನು 1991ರಲ್ಲಿ ಹನಿಕ್ರಿಸ್ಪ್ ಹೆಸರಲ್ಲಿ ಬಿಡುಗಡೆ ಮಾಡಿದರು. ಬೆಳೆಗಾರರಿಗೆ ಅದು ಸುಲಭದ ಮರವಲ್ಲ. ಎಲೆ ಹಳದಿ ತಿರುಗುತ್ತದೆ, ಕ್ಯಾಲ್ಸಿಯಂ ಕಡಿಮೆಯಾದರೆ ಹಣ್ಣಿನ ಮೇಲೆ ಕಹಿಗುಳಿ ಬೀಳುತ್ತದೆ, ಸಿಪ್ಪೆ ಎಷ್ಟು ತೆಳುವೆಂದರೆ ಪಕ್ಕದ ಹಣ್ಣಿಗೆ ಚುಚ್ಚದಂತೆ ಪ್ರತಿ ತೊಟ್ಟನ್ನೂ ಕತ್ತರಿಸಬೇಕು. ಆದರೂ ಕೊಳ್ಳುವವರು ಬೇರೆ ಸೇಬಿಗಿಂತ ಹೆಚ್ಚು ಬೆಲೆ ಕೊಟ್ಟರು. 2006ರಲ್ಲಿ ಅದು ಮಿನೆಸೋಟಾದ ರಾಜ್ಯಹಣ್ಣಾಯಿತು.

ಇಷ್ಟು ಹೆಸರು ಮಾಡಿದ ಮೇಲೆ ಅದರ ಅಪ್ಪ ಅಮ್ಮನ ಪ್ರಶ್ನೆ ಬಂತು. ದಾಖಲೆಯ ಪ್ರಕಾರ ಮಕೌನ್ ಮತ್ತು ಹನಿಗೋಲ್ಡ್. ಡಿಎನ್‌ಎ ಪರೀಕ್ಷೆ ಮಾಡಿದರೆ ಎರಡೂ ಅಲ್ಲ! ಒಂದು ಕಡೆ ಕೀಪ್‌ಸೇಕ್ ಎಂಬ ತಳಿಯೆಂದು ಮೊದಲು ಗೊತ್ತಾಯಿತು. ಅದರ ಹಿಂದೆ ಫ್ರಾಸ್ಟ್‌ಬೈಟ್ ಎಂಬ ಚಿಕ್ಕ ಕಡುಸಿಹಿ ಸೇಬು ಇದೆ, ತಿಂದವರು ಕಬ್ಬಿನ ರುಚಿ ಎನ್ನುತ್ತಾರೆ. ಇನ್ನೊಂದು ಕಡೆ ಸಿಗಲು 2017ರವರೆಗೆ ಕಾಯಬೇಕಾಯಿತು. ನಿಕೊಲಸ್ ಹೊವಾರ್ಡ್ ಮತ್ತು ಸಂಗಡಿಗರು ಗುರುತಿಸಿದ್ದು ಎಂಎನ್ 1627 ಎಂಬ, ಎಂದೂ ಬಿಡುಗಡೆಯಾಗದ ಸಸಿಯನ್ನು. ಅದರ ಹಿರಿಯರು ಗೋಲ್ಡನ್ ಡಿಲೀಷಿಯಸ್ ಮತ್ತು ಡಚೆಸ್ ಆಫ್ ಓಲ್ಡನ್‌ಬರ್ಗ್. ಈ ಡಚೆಸ್ ರಷ್ಯಾದ್ದು. ಬಡ್ ಮತ್ತು ಗಿಬ್ ಹಡಗು ಹತ್ತುವುದಕ್ಕೂ ಎಷ್ಟೋ ಮೊದಲು, 1830ರ ದಶಕದಲ್ಲೇ, ಇಂಗ್ಲೆಂಡಿನ ಮೂಲಕ ಅಮೆರಿಕಕ್ಕೆ ಬಂದಿದ್ದ ತಳಿ. ಎಂಎನ್ 1627ಕ್ಕೆ ಹನಿಕ್ರಿಸ್ಪ್‌ಗೆ ಸಿಕ್ಕ ಅದೃಷ್ಟ ಸಿಗಲಿಲ್ಲ, ಅದನ್ನು ಯಾವತ್ತೋ ಕೈಬಿಟ್ಟಿದ್ದರು. ಪೇಟೆಂಟ್ ಪತ್ರದಲ್ಲಿ ಮಾತ್ರ ಹನಿಕ್ರಿಸ್ಪ್‌ನ ಹೆತ್ತವರ ಹೆಸರು ಇವತ್ತಿಗೂ ಮಕೌನ್, ಹನಿಗೋಲ್ಡ್ ಎಂದೇ ಇದೆ.